ಹಾಡೂ ಚೆನ್ನ, ದೃಶ್ಯವೂ ಚೆನ್ನ. ಸೇರಿಸಿದರೆ ಏಕೆ ಕೂರುವುದಿಲ್ಲ?

ಪ್ರಶ್ನೆ: ನಮ್ಮ ಚಿತ್ರದ ಒಂದು ಮುಖ್ಯ ದೃಶ್ಯಕ್ಕೆ ತಂಡದ ಎಲ್ಲರಿಗೂ ಇಷ್ಟವಾದ ಹಾಡನ್ನೇ ಆರಿಸಿದ್ದೇವೆ. ಹಾಡನ್ನು ಪ್ರತ್ಯೇಕವಾಗಿ ಕೇಳಿದರೆ ಹಿತ, ದೃಶ್ಯವನ್ನು ಪ್ರತ್ಯೇಕವಾಗಿ ನೋಡಿದರೆ ಅದೂ ಹಿತ. ಎರಡನ್ನೂ ಕೂಡಿಸಿದರೆ ಮಾತ್ರ ಏನೋ ಕೃತಕ ಅನ್ನಿಸುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಹೆಚ್ಚಿನ ಸಲ ತಪ್ಪು ಇರುವುದು ಸಾಹಿತ್ಯದಲ್ಲಿ. ದೃಶ್ಯ ಆಗಲೇ ಹೇಳಿ ಮುಗಿಸಿದ್ದನ್ನೇ ಹಾಡು ಮತ್ತೆ ಹೇಳುತ್ತಿರುತ್ತದೆ. ಹುಡುಗಿಯೊಬ್ಬಳು ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದಾಳೆ, ಕಣ್ಣು ತುಂಬಿದೆ ಎಂದುಕೊಳ್ಳಿ. ಹಿನ್ನೆಲೆಯಲ್ಲಿ ಒಂಟಿತನದ ಹಾಡು ಬಂದರೆ, ಮುಖ ನೋಡಿ ತಾವೇ ಊಹಿಸಿಕೊಂಡಿದ್ದ ಪ್ರೇಕ್ಷಕರಿಗೆ ಉತ್ತರವನ್ನು ಬಾಯಿಬಿಟ್ಟು ಹೇಳಿದಂತಾಗುತ್ತದೆ. ಅದೇ ಜಾಗದಲ್ಲಿ, ಚಿತ್ರದ ಆರಂಭದಲ್ಲಿ ಅವಳು ತಂಗಿಯ ಜೊತೆ ಕುಣಿದಿದ್ದ ತುಂಟ ಹಾಡೊಂದು ಬಂದರೆ? ಅವಳು ಯಾರನ್ನು ನೆನೆಯುತ್ತಿದ್ದಾಳೆ ಎಂಬುದು ಒಂದೂ ಮಾತಿಲ್ಲದೆ ತಿಳಿಯುತ್ತದೆ. ಹಾಡಿಗೆ ಅಲ್ಲಿ ಕೆಲಸ ಸಿಕ್ಕಿತು.

ಪರೀಕ್ಷೆ ಸುಲಭ. ಹಾಡನ್ನು ತೆಗೆದು ದೃಶ್ಯ ನೋಡಿ. ಏನೂ ಕಳೆದಂತೆ ಅನ್ನಿಸದಿದ್ದರೆ ಆ ಹಾಡು ಬರಿ ಅಲಂಕಾರ. ದೃಶ್ಯವೇ ಸತ್ತುಬಿದ್ದರೆ ದೋಷ ಸಂಕಲನದಲ್ಲೋ ನಟನೆಯಲ್ಲೋ ಇದೆ, ಹಾಡು ಅದನ್ನು ಕೆಲವು ದಿನ ಮುಚ್ಚಿಡುತ್ತದೆ ಅಷ್ಟೆ. ದೃಶ್ಯ ನಿಂತಿದೆ, ಆದರೆ ಪಾತ್ರದ ಬಗ್ಗೆ ಒಂದು ಸುಳಿವು ಕಾಣೆಯಾಯಿತು ಅನ್ನಿಸಿದರೆ ಮಾತ್ರ ಆಯ್ಕೆ ಸರಿ. ಹೊಡೆದಾಟಕ್ಕೆ ಲಾಲಿಹಾಡು, ಸಾವಿಗೆ ಕುಣಿತದ ಹಾಡು ಎಂಬ ವಿರುದ್ಧ ಜೋಡಣೆ ಒಂದು ಕಾಲಕ್ಕೆ ಬೆಚ್ಚಿಬೀಳಿಸುತ್ತಿತ್ತು. ಈಗ ಪ್ರೇಕ್ಷಕರು ಅದನ್ನು ದೂರದಿಂದಲೇ ಗುರುತಿಸುತ್ತಾರೆ. ಹತ್ತಾರು ಚಿತ್ರಗಳಲ್ಲಿ ಬಂದು ಹೋದ ಹಾಡಿಗೂ ಇದೇ ತೊಂದರೆ: ಕೇಳುವವರ ಮನಸ್ಸು ನಿಮ್ಮ ದೃಶ್ಯ ಬಿಟ್ಟು ಆ ಹಳೆಯ ಚಿತ್ರಕ್ಕೆ ಹೋಗಿಬಿಡುತ್ತದೆ.

ಎರಡನೆಯ ಕಾರಣ ಸಂಭಾಷಣೆ. ಮಾತು ಸ್ಪಷ್ಟವಾಗಿ ಕೇಳುವುದಕ್ಕೆ ಮುಖ್ಯವಾಗಿ ಬೇಕಾದದ್ದು ಸದ್ದಿನ ಕಂಪನಗಳಲ್ಲಿ (ಸೆಕೆಂಡಿಗೆ ಒಂದು ಕಂಪನ ಎಂದರೆ ಒಂದು ಹರ್ಟ್ಸ್) 1,000ದಿಂದ 4,000 ಹರ್ಟ್ಸ್‌ವರೆಗಿನ ಭಾಗ. ಹಾಡುವ ದನಿ ಕುಳಿತುಕೊಳ್ಳುವುದೂ ಅಲ್ಲೇ. ಜೊತೆಗೆ, ಎರಡು ಕಡೆಯಿಂದ ಬರುವ ಪದಗಳನ್ನು ಏಕಕಾಲಕ್ಕೆ ಅರ್ಥಮಾಡಿಕೊಳ್ಳಲು ನಮಗೆ ಆಗುವುದಿಲ್ಲ. ಹಾಡಿನ ಶಬ್ದ ತಗ್ಗಿಸಿದರೆ ಸಾಕು ಎಂದು ಹಲವರು ತಿಳಿಯುತ್ತಾರೆ. ತಗ್ಗಿಸಿದಾಗ ಮಾತೂ ಪೂರ್ತಿ ಕೇಳದು, ಹಾಡೂ ಪೂರ್ತಿ ಕೇಳದು. ಮಾತಿನ ಕೆಳಗೆ ಹಾಡಿನ ವಾದ್ಯಭಾಗವನ್ನು ಮಾತ್ರ ಇಟ್ಟು, ಕೊನೆಯ ಮಾತು ಮುಗಿದ ಮೇಲೆ ದನಿ ತೆರೆದುಕೊಳ್ಳುವಂತೆ ಮಾಡುವುದು ವಾಸಿ. ಇದಕ್ಕೆ ದನಿ ಮತ್ತು ವಾದ್ಯಗಳ ಪ್ರತ್ಯೇಕ ಟ್ರ್ಯಾಕ್‌ಗಳು ಬೇಕು, ಹಾಡು ಬಳಸುವ ಹಕ್ಕು ಕೇಳುವಾಗಲೇ ಅವನ್ನೂ ಕೇಳಿಡಿ. ವಾದ್ಯಗಳಿಗೂ ಆ ಮಧ್ಯದ ಭಾಗದಲ್ಲಿ 2–3 ಡೆಸಿಬೆಲ್ ಇಳಿಸಿದರೆ ಮಾತಿಗೆ ಜಾಗ ಸಿಗುತ್ತದೆ.

ಇನ್ನು ಹಾಡು ಎಲ್ಲಿ ಶುರುವಾಗಬೇಕು ಎಂಬ ಮಾತು. ಇಲ್ಲೂ ಹಲವು ದೃಶ್ಯಗಳು ಕೆಡುತ್ತವೆ. ದೃಶ್ಯದ ಮೊದಲ ಫ್ರೇಮಿಗೇ ಹಾಡಿನ ಮೊದಲ ಸ್ವರ ಅಂಟಿಸಿ, ಪಲ್ಲವಿ ಬಂದ ಕಡೆ ಬರಲಿ ಎಂದು ಬಿಡುವುದು ರೂಢಿ. ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಬಾಗಿಲು ತೆರೆಯುವ ಕ್ಷಣ ದೃಶ್ಯದ 70ನೇ ಸೆಕೆಂಡಿನಲ್ಲಿದೆ, ನಿಮಗೆ ಬೇಕಾದ ಪಲ್ಲವಿ ಹಾಡಿನ 52ನೇ ಸೆಕೆಂಡಿನಲ್ಲಿದೆ ಎಂದರೆ, ಹಾಡು ಶುರುವಾಗಬೇಕಾದದ್ದು ದೃಶ್ಯದ 18ನೇ ಸೆಕೆಂಡಿಗೆ. ಅಲ್ಲಿ ಮಾತು ಅಡ್ಡ ಬಂದರೆ ಹಾಡಿನ ನಡುವಿನ ಭಾಗ ಕತ್ತರಿಸಿ, ಆದರೆ ತಾಳದ ಪೂರ್ತಿ ಆವರ್ತನಗಳನ್ನೇ ತೆಗೆಯಿರಿ. ನಾಲ್ಕರ ನಡೆಯ ಹಾಡಾದರೆ 4, 8, 16 ಎಂಬ ಲೆಕ್ಕದಲ್ಲಿ. ತಾಳ ಸರಿಹೋದರೂ ಜೋಡಣೆ ಕಿವಿಗೆ ಚುಚ್ಚುತ್ತಿದ್ದರೆ, ಹಿಂದಿನ ಸಾಲಿನ ಅನುರಣನ (ಸ್ವರ ನಿಂತ ಮೇಲೂ ಉಳಿಯುವ ಗುಂಗು) ತುಂಡಾಗಿದೆ ಎಂದರ್ಥ. ಎರಡು ತುದಿಗಳನ್ನೂ ತುಸು ಒಂದರ ಮೇಲೊಂದು ಹಾಯಿಸಿ, ಜೋಡಣೆಯನ್ನು ಬಾಗಿಲ ಬಡಿತದಂಥ ಸದ್ದಿನ ಕೆಳಗೆ ಇಡಿ.

ಶುರುವಾತಿಗೂ ಒಂದು ನೆಪ ಬೇಕು. ಎಂಜಿನ್ ಚಾಲೂ ಆದದ್ದು, ದೀಪ ಆರಿದ್ದು, ಪಾತ್ರ ತಿರುಗಿ ನಡೆದದ್ದು, ಯಾವುದಾದರೂ ಆದೀತು. ಭಾವ ಮುಖದ ಮೇಲೆ ಮೂಡುವ ಮೊದಲೇ ಹಾಡು ಬಂದರೆ 'ಈಗ ಅಳಿ' ಎಂದು ಅಪ್ಪಣೆ ಕೊಟ್ಟ ಹಾಗೆ. ಒಂದೆರಡು ಸೆಕೆಂಡು ತಡವಾದರೆ ನಷ್ಟವಿಲ್ಲ.

ಲಯದ ಲೆಕ್ಕವನ್ನೂ ನೋಡಿಕೊಳ್ಳಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ, ನಿಮಿಷಕ್ಕೆ 120 ಬಡಿತದ ಹಾಡಿನ ಒಂದು ಬಡಿತ 12 ಫ್ರೇಮು. 90 ಬಡಿತದ ಹಾಡಿನದು 16. ಪ್ರತಿ ಬಡಿತಕ್ಕೂ ಶಾಟ್ ಬದಲಿಸಿದರೆ ಕಥೆ ನಿಂತು ಜಾಹೀರಾತು ಶುರುವಾದಂತೆ ಕಾಣುತ್ತದೆ. ಒಂದೆರಡು ಮುಖ್ಯ ಕಟ್‌ಗಳನ್ನು ಮಾತ್ರ ತಾಳಕ್ಕೆ ಕೂರಿಸಿ, ಉಳಿದವನ್ನು ನಟರ ಉಸಿರಿಗೆ, ನೋಟಕ್ಕೆ ಬಿಡಿ.

ಹಾಡು ಕಥೆಯೊಳಗೇ, ರೇಡಿಯೊದಲ್ಲೋ ಪಕ್ಕದ ಕೋಣೆಯಲ್ಲೋ ಕೇಳಿಬರುತ್ತಿದ್ದರೆ ಸ್ಟುಡಿಯೊದ ನುಣುಪು ಇರಕೂಡದು. ಸಣ್ಣ ರೇಡಿಯೊ ಅನ್ನಿಸಲು ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದನ್ನೂ 4,000ಕ್ಕಿಂತ ಮೇಲಿನದನ್ನೂ ಕತ್ತರಿಸಿ, ಆ ಕೋಣೆಯ ಅನುರಣನ ಸೇರಿಸುತ್ತಾರೆ. ಗೋಡೆಯಾಚೆಯ ಹಾಡಾದರೆ ಮೇಲಿನ ಭಾಗ ಹೋಗಿ ತಗ್ಗಿನ ಗುಂಯ್ ಮಾತ್ರ ಉಳಿಯಬೇಕು. ಕಾಲವನ್ನೂ ಲೆಕ್ಕಿಸಿ: ಕಥೆ ನಡೆಯುವ ವರ್ಷದ ನಂತರದ ಹಾಡು ಪಾತ್ರದ ಕಿವಿಗೆ ಬೀಳುವಂತಿಲ್ಲ, ಹಳೆಯ ಹಾಡು ಧಾರಾಳವಾಗಿ ಬೀಳಬಹುದು. ಚಿತ್ರೀಕರಣದಲ್ಲಿ ಮಾತು ಧ್ವನಿಮುದ್ರಿಸುವಾಗ ಮಾತ್ರ ಹಾಡು ನುಡಿಸಲೇಬಾರದು, ಆಮೇಲೆ ಒಂದು ಮಾತನ್ನೂ ಕತ್ತರಿಸಿ ಜೋಡಿಸಲಾಗದು. ಕುಣಿತದ ನಡುವೆ ಮಾತಿದ್ದರೆ ಮೊದಲ ಕೆಲವು ಸೆಕೆಂಡು ಹಾಡು ಕೇಳಿಸಿ ನಿಲ್ಲಿಸುತ್ತಾರೆ, ಇಲ್ಲವೇ 30–40 ಹರ್ಟ್ಸ್‌ನ ಬರಿ ಬಡಿತವನ್ನು ದೊಡ್ಡ ಸ್ಪೀಕರಿನಲ್ಲಿ ಬಿಡುತ್ತಾರೆ. ಕುಣಿಯುವವರಿಗೆ ಮೈಗೆ ತಾಕುತ್ತದೆ, ಮಿಕ್ಸಿಂಗ್‌ನಲ್ಲಿ ಸೋಸಿ ತೆಗೆಯಬಹುದು.

ಶಬ್ದದ ಮಟ್ಟದ ವಿಷಯ ಚಿಕ್ಕದು. ಕೇಳುಗರಿಗಾಗಿ ಬಿಡುಗಡೆಯಾದ ಇಂದಿನ ಹಾಡುಗಳು −8ರಿಂದ −14 ಎಲ್‌ಯುಎಫ್‌ಎಸ್‌ನಷ್ಟು ಜೋರಾಗಿರುತ್ತವೆ (ಇದು ಕೇಳಿಸುವ ಜೋರನ್ನು ಅಳೆಯುವ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು); ಯುರೋಪಿನ ಟಿವಿ ಪ್ರಸಾರದ ಗುರಿ −23. ಆದ್ದರಿಂದ ಮೊದಲು ಸಂಭಾಷಣೆಯ ಮಟ್ಟ ಗೊತ್ತುಮಾಡಿ, ಹಾಡನ್ನು ಆಮೇಲೆ ಅದಕ್ಕೆ ಹೊಂದಿಸಿ.

ಕೊನೆಗೆ, ಇಷ್ಟವಾದ ಹಾಡು ಎಂಬುದರ ಅಪಾಯ. ಸಂಕಲನದಲ್ಲಿ ತಾತ್ಕಾಲಿಕವಾಗಿ ಹಾಕಿದ ಹಾಡನ್ನು ನೂರು ಸಲ ಕೇಳಿದ ಮೇಲೆ ಬೇರೆ ಯಾವುದೂ ರುಚಿಸುವುದಿಲ್ಲ. 1968ರ '2001: ಎ ಸ್ಪೇಸ್ ಒಡಿಸ್ಸಿ'ಗೆ ಸಂಗೀತ ಸಂಯೋಜಕ ಅಲೆಕ್ಸ್ ನಾರ್ತ್ ಹೊಸದಾಗಿ ಬರೆದುಕೊಟ್ಟಿದ್ದ ಸಂಗೀತವನ್ನು ಬದಿಗಿಟ್ಟು, ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಮೊದಲೇ ಇದ್ದ ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳನ್ನು ಬಳಸಿದರು. ಅವರಿಗೆ ಅದು ದಕ್ಕಿತು. ಸಣ್ಣ ಚಿತ್ರಗಳಿಗೆ ದಕ್ಕುವುದು ಕಷ್ಟ, ಏಕೆಂದರೆ ಒಂದು ಹಾಡಿಗೆ ಎರಡು ಹಕ್ಕು: ರಾಗ–ಸಾಹಿತ್ಯದ್ದು ಒಂದು, ಆ ಧ್ವನಿಮುದ್ರಣದ್ದು ಇನ್ನೊಂದು. ಎರಡೂ ಬೇರೆ ಬೇರೆಯವರ ಬಳಿ ಇರಬಹುದು, ಒಬ್ಬರು ಒಪ್ಪದಿದ್ದರೂ ಹಾಡಿಲ್ಲ. ಹೊಸ ಗಾಯಕರಿಂದ ಹಾಡಿಸಿದರೆ ಹಳೆಯ ಮುದ್ರಣದ ಹಕ್ಕು ಬೇಡ, ರಚನೆಯ ಹಕ್ಕು ಬೇಕೇ ಬೇಕು. ಮೂವತ್ತು ಸೆಕೆಂಡಿನೊಳಗಾದರೆ ಉಚಿತ ಎಂಬುದು ಬರಿ ವದಂತಿ. ಚಿತ್ರೋತ್ಸವಕ್ಕೆ ಮಾತ್ರ ಪಡೆದ ಅನುಮತಿ ಒಟಿಟಿಗೆ ಸಲ್ಲದು, ಹಾಗಾಗಿ ಮಾಧ್ಯಮ, ದೇಶ, ಅವಧಿ, ಟ್ರೇಲರ್‌ನಲ್ಲಿ ಬಳಕೆ, ನಾಲ್ಕನ್ನೂ ಬರಹದಲ್ಲಿ ಪಡೆಯಿರಿ. ದೃಶ್ಯ ಅಂತಿಮವಾಗುವ ಮೊದಲೇ ಹೆಚ್ಚುಕಡಿಮೆ ಅದೇ ಲಯದ ಇನ್ನೆರಡು ಹಾಡುಗಳನ್ನು ಅದೇ ಜಾಗದಲ್ಲಿ ಕೂರಿಸಿ ನೋಡಿಟ್ಟುಕೊಳ್ಳಿ.