ಎರಡು ಬಾವುಟ, ಒಂದೇ ಬಟನ್

ಚುನಾವಣಾ ಕಾನೂನಿಗೆ ಪಕ್ಷದ ಅಭ್ಯರ್ಥಿ ಗೊತ್ತು, ಪಕ್ಷೇತರ ಗೊತ್ತು. ಮೈತ್ರಿಕೂಟದ ಅಭ್ಯರ್ಥಿ ಗೊತ್ತಿಲ್ಲ. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಎರಡು ಬಣ್ಣದ ಬಾವುಟ ಕಟ್ಟಿ, ನಾಯಕರು ಪರಸ್ಪರ ಕೈ ಹಿಡಿದು ಮೇಲೆತ್ತಿದರೂ ಮತಯಂತ್ರದ ಮೇಲೆ ಇರುವುದು ಒಂದೇ ಪಕ್ಷದ ಗುರುತು. ಲೋಕಸಭೆಗೆಂದು ಕೂಡಿ, ವರ್ಷದೊಳಗೆ ಚದುರುವ ಮೈತ್ರಿಗಳ ತೊಡಕು ಹುಟ್ಟುವುದೇ ಅಲ್ಲಿ.

ನಮ್ಮ ಭಾಗ ಇದನ್ನು ಹತ್ತಿರದಿಂದ ಕಂಡಿದೆ. ಜನತಾದಳದಿಂದ ಉಚ್ಚಾಟಿತರಾದ ರಾಮಕೃಷ್ಣ ಹೆಗಡೆ 1997ರಲ್ಲಿ ಲೋಕಶಕ್ತಿ ಕಟ್ಟಿದರು. 1998ರ ಲೋಕಸಭೆಗೆ ಬಿಜೆಪಿ ಜೊತೆ ಕೂಡಿದರು. ರಾಜ್ಯದ 28 ಸ್ಥಾನಗಳಲ್ಲಿ ಬಿಜೆಪಿಗೆ 13, ಲೋಕಶಕ್ತಿಗೆ 3 ಬಂದವು. ಆ ಮೂರೂ ಉತ್ತರ ಕರ್ನಾಟಕದವೇ: ಚಿಕ್ಕೋಡಿ, ಬಾಗಲಕೋಟೆ ಮತ್ತು ಈಗಿನ ಹಾವೇರಿಯ ಬಹುಭಾಗವಿದ್ದ ಧಾರವಾಡ ದಕ್ಷಿಣ. ಧಾರವಾಡ ಉತ್ತರದಲ್ಲಿ ಬಿಜೆಪಿಯ ವಿಜಯ ಸಂಕೇಶ್ವರ ಗೆದ್ದರು. ಹಂಚಿಕೆ ಚೆನ್ನಾಗಿ ಕೂಡಿತ್ತು. ಹೆಗಡೆಯವರಿಗೆ ಇಲ್ಲಿ ಹೆಸರಿತ್ತು, ಬಿಜೆಪಿಗೆ ಓಣಿ ಓಣಿಯಲ್ಲಿ ಕಾರ್ಯಕರ್ತರಿದ್ದರು, ಎದುರಾಳಿ ಮತ ಕಾಂಗ್ರೆಸ್ ಮತ್ತು ದಳದ ನಡುವೆ ಒಡೆದಿತ್ತು.

1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದು ಮತದಿಂದ ಬಿತ್ತು. ಆ ಬಳಿಕ ಜನತಾದಳ ಒಡೆದು, ಅದರ ಚಕ್ರದ ಗುರುತನ್ನು ಚುನಾವಣಾ ಆಯೋಗ ತಡೆಹಿಡಿಯಿತು. ಲೋಕಶಕ್ತಿಯವರೂ ಮುಖ್ಯಮಂತ್ರಿ ಜೆ.ಎಚ್. ಪಟೇಲರ ಬಣವೂ ಸಂಯುಕ್ತ ಜನತಾದಳದ ಬಾಣದಡಿ ಬಂದರು. ಪಟೇಲರ ಸರ್ಕಾರವನ್ನು ಬೈಯುತ್ತಲೇ ಬಂದಿದ್ದ ರಾಜ್ಯ ಬಿಜೆಪಿ ಈ ನಂಟನ್ನು ಬಹಿರಂಗವಾಗಿ ವಿರೋಧಿಸಿತು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ, ಹಿಂದಿನ ವರ್ಷ 16 ಇದ್ದ ಕೂಟದ ಸ್ಥಾನ 10ಕ್ಕೆ ಇಳಿಯಿತು, ಧಾರವಾಡ ದಕ್ಷಿಣ ಕಾಂಗ್ರೆಸ್‌ಗೆ ಮರಳಿತು. ನೆಲದ ಕಾರ್ಯಕರ್ತನನ್ನು ಕೇಳದೆ ಮೇಲಿನಿಂದ ಹೊಸೆದ ಹಗ್ಗ ಅದು.

ಈಗ ಕೆಲಸದ ವಿಷಯಕ್ಕೆ ಬರೋಣ. ಸ್ಥಾನ ಹಂಚಿಕೆ ತಡವಾದಷ್ಟೂ ಮೊದಲು ಪೆಟ್ಟು ಬೀಳುವುದು ಬಿ ಫಾರಂಗೆ, ಅಂದರೆ ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರಕ್ಕೆ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3ರೊಳಗೆ ಎ ಫಾರಂ (ಬಿ ಫಾರಂಗೆ ಸಹಿ ಹಾಕುವ ಅಧಿಕಾರ ಯಾರಿಗೆಂದು ತಿಳಿಸುವ ಪತ್ರ) ಮತ್ತು ಬಿ ಫಾರಂ ಚುನಾವಣಾಧಿಕಾರಿಯ ಕೈಸೇರಬೇಕು. ಸಹಿ ಶಾಯಿಯಲ್ಲೇ ಇರಬೇಕು, ಮುದ್ರೆ ಒತ್ತಿದ ಸಹಿ ನಡೆಯದು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ (ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರ) ಸಾಕು, ಉಳಿದವರಿಗೆ ಹತ್ತು ಮಂದಿ ಬೇಕು. ಒಬ್ಬನೇ ಸೂಚಕನನ್ನು ನಂಬಿ ನಾಮಪತ್ರ ಕೊಟ್ಟು, ಬಿ ಫಾರಂ 3 ಗಂಟೆ ದಾಟಿ ಬಂದರೆ ಪಕ್ಷೇತರನಾಗಿಯೂ ಉಳಿಯಲಾಗದು, ನಾಮಪತ್ರವೇ ತಿರಸ್ಕೃತ. ಒಬ್ಬರು ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು. ಮಾತುಕತೆ ಮುಗಿಯದ ಕ್ಷೇತ್ರದಲ್ಲಿ ಅವುಗಳಲ್ಲಿ ಒಂದಕ್ಕಾದರೂ ಹತ್ತು ಸೂಚಕರ ಸಹಿ ಹಾಕಿಸಿಡಲೇಬೇಕು.

ಮಿತ್ರಪಕ್ಷದ ಗುರುತಿನಲ್ಲಿ ನಿಲ್ಲಬೇಕಾದರೆ ಆ ಪಕ್ಷದ ಸದಸ್ಯನಾಗಿರಬೇಕು. 2019ರಲ್ಲಿ ಉಡುಪಿ-ಚಿಕ್ಕಮಗಳೂರಿನಲ್ಲಿ ಕಾಂಗ್ರೆಸ್‌ನ ಪ್ರಮೋದ್ ಮಧ್ವರಾಜ್ ಜೆಡಿಎಸ್ ಟಿಕೆಟ್‌ನಲ್ಲಿ ನಿಂತದ್ದು ನೆನಪಿರಬಹುದು. ಕೈಗೆ ಒತ್ತಿ ರೂಢಿಯಾದವರಿಗೆ ತಲೆ ಮೇಲೆ ಹೊರೆ ಹೊತ್ತ ರೈತ ಮಹಿಳೆಯನ್ನು ಹುಡುಕಿ ಒತ್ತಿರೆಂದು ಕೆಲವೇ ದಿನಗಳಲ್ಲಿ ಕಲಿಸಬೇಕಾಯಿತು.

ಬಂಡಾಯದವರ ಮನವೊಲಿಸಲು ಇರುವ ವೇಳೆ ಇನ್ನೂ ಕಡಿಮೆ. ಧಾರವಾಡ, ಹಾವೇರಿಯಲ್ಲಿ 2019ರ ಏಪ್ರಿಲ್ 4 ನಾಮಪತ್ರಕ್ಕೆ ಕೊನೆ, 5 ಪರಿಶೀಲನೆ, 8 ವಾಪಸಾತಿ, 23 ಮತದಾನ. 8ರ ಮಧ್ಯಾಹ್ನ 3ರ ನಂತರ ಹಿಂದೆ ಸರಿಯಲು ದಾರಿಯಿಲ್ಲ. ‘ಮೈತ್ರಿ ಧರ್ಮಕ್ಕಾಗಿ ಬೆಂಬಲಿಸುತ್ತೇನೆ’ ಎಂದು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟರೂ ಹೆಸರು ಯಂತ್ರದಲ್ಲಿ ಉಳಿಯುತ್ತದೆ, ಮತ ತಿನ್ನುತ್ತದೆ. ಬಹಿರಂಗ ಪ್ರಚಾರಕ್ಕೆ ಸಿಕ್ಕದ್ದು 13 ದಿನ.

ಆ 13 ದಿನಗಳಲ್ಲಿ ಎಲ್ಲರೂ ಮರೆಯುವ ಕೆಲಸವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮತಗಟ್ಟೆ ಏಜೆಂಟರನ್ನು ನೇಮಿಸುವ ಹಕ್ಕು ಕಣದಲ್ಲಿರುವ ಅಭ್ಯರ್ಥಿಗೆ ಮಾತ್ರ. ಅಭ್ಯರ್ಥಿಯನ್ನೇ ಹಾಕದ ಮಿತ್ರಪಕ್ಷಕ್ಕೆ ಮತಗಟ್ಟೆಯೊಳಗೆ ಕುರ್ಚಿ ಇಲ್ಲ. ಯಾವ ಮನೆಯಲ್ಲಿ ಎಷ್ಟು ಮತ, ಯಾರು ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ, ಯಾವ ಮುದುಕಿಯನ್ನು ಎಷ್ಟು ಗಂಟೆಗೆ ಕರೆತರಬೇಕು ಎಂಬುದೆಲ್ಲ ಗೊತ್ತಿರುವ ಅವರ ಹುಡುಗ ಹೊರಗೇ ಉಳಿಯುತ್ತಾನೆ. ಏಜೆಂಟರ ನೇಮಕ ಪತ್ರವಾದ ನಮೂನೆ 10ರಲ್ಲಿ ಅವನ ಹೆಸರು ಬರೆದು ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್ ಸಹಿ ಮಾಡಿದರಷ್ಟೇ ಅವನು ಒಳಗೆ. ಒಂದು ಮತಗಟ್ಟೆಗೆ ಒಬ್ಬ ಏಜೆಂಟ್, ಇಬ್ಬರು ಬದಲಿ, ಅಂದರೆ ಮೂರು ಹೆಸರು. ಅದರಲ್ಲಿ ಒಂದು ಮಿತ್ರಪಕ್ಷದ್ದಾಗಿರಲಿ. ಮತಗಟ್ಟೆಯಿಂದ 100 ಮೀಟರ್ (2025ಕ್ಕೆ ಮೊದಲು 200) ಆಚೆ ಹಾಕುವ ಟೇಬಲ್‌ಗೂ ಇದೇ ಮಾತು: ಇರುವ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಇವರವನು, ಇನ್ನೊಂದರಲ್ಲಿ ಅವರವನು. ಊರ ಮಂದಿ ಮೈತ್ರಿಯನ್ನು ಅಳೆಯುವುದು ಆ ಟೇಬಲ್ ನೋಡಿ.

ಕಾಗದದ ಮೇಲಿನ ಕೂಡುವ ಲೆಕ್ಕ ಎಲ್ಲಿ ತಪ್ಪುತ್ತದೆ? 620 ಮತ ಬಿದ್ದ ಒಂದು ಮತಗಟ್ಟೆ ಅಂದುಕೊಳ್ಳಿ. ಹಿಂದಿನ ಸಲ ದೊಡ್ಡ ಪಕ್ಷಕ್ಕೆ 240, ಮಿತ್ರನಿಗೆ 90, ಎದುರಾಳಿಗೆ 290. ಕೂಡಿದರೆ 330, ಗೆಲುವು ಕಣ್ಣೆದುರೇ ಇದ್ದಂತೆ. ಮಿತ್ರನ 90ರಲ್ಲಿ 45 ಬಂದು, 30 ಎದುರಾಳಿಗೆ ಹೋಗಿ, 15 ಮನೆಯಲ್ಲೇ ಉಳಿದರೆ 285 ಆಗುತ್ತದೆ, ಎದುರಾಳಿ 320. ಮಿತ್ರನ ಅರ್ಧ ಮತ ಬಂದರೂ 35ರಿಂದ ಸೋಲು. ಪಂಚಾಯಿತಿ ಚುನಾವಣೆಯ ಜಿದ್ದು ಇರುವ ಊರಲ್ಲಿ ಅರ್ಧ ಬರುವುದೂ ದೊಡ್ಡದು. ಸ್ಥಳೀಯ ಮುಖಂಡನ ಅಂಜಿಕೆಯೂ ಸುಳ್ಳಲ್ಲ: ‘ಇವತ್ತ ನಮ್ಮ ಮಂದಿಗೆ ಆ ಗುರುತು ಒತ್ತಾಕ ಕಲಿಸಿದ್ರ, ನಾಳೆ ವಿಧಾನಸಭಾಕ್ಕ ನನ್ನ ಗುರುತು ಮರೀತಾರ್ರಿ.’ ಅವನ ಮುಂದಿನ ಟಿಕೆಟ್ ಬಗ್ಗೆ ಮೊದಲೇ ಕೂತು ಮಾತಾಡದ ಸಮನ್ವಯ ಸಮಿತಿಯಿಂದ ಹೆಚ್ಚೇನೂ ಆಗದು.

2019ರಲ್ಲಿ ಮೈತ್ರಿ ಮಾಡಿಕೊಂಡು ಕಾಂಗ್ರೆಸ್ 21, ಜೆಡಿಎಸ್ 7 ಕಡೆ ನಿಂತು ತಲಾ ಒಂದು ಗೆದ್ದವು. ಧಾರವಾಡದಲ್ಲಿ ಬಿಜೆಪಿಯ ಪ್ರಲ್ಹಾದ ಜೋಶಿ 2,05,072, ಹಾವೇರಿಯಲ್ಲಿ ಅದೇ ಪಕ್ಷದ ಶಿವಕುಮಾರ ಉದಾಸಿ 1,40,882 ಮತಗಳ ಅಂತರದಿಂದ ಗೆದ್ದರು. ಅದೇ ಮೇ 23ರಂದು ಎಣಿಕೆಯಾದ ಕುಂದಗೋಳ ವಿಧಾನಸಭಾ ಉಪಚುನಾವಣೆಯಲ್ಲಿ ಕಾಂಗ್ರೆಸ್ 1,601 ಮತಗಳಿಂದ ಉಳಿದುಕೊಂಡಿತು. ಕುಂದಗೋಳ ಇರುವುದು ಧಾರವಾಡ ಲೋಕಸಭಾ ಕ್ಷೇತ್ರದಲ್ಲೇ! ಮತದಾರ ಎರಡು ಚುನಾವಣೆಗಳನ್ನು ಬೇರೆ ಬೇರೆಯಾಗಿಯೇ ತೂಗುತ್ತಾನೆ. ಜುಲೈ 23ಕ್ಕೆ ಮೈತ್ರಿ ಸರ್ಕಾರ ಉರುಳಿತು. ಆಗ ಪಕ್ಷಾಂತರಕ್ಕಾಗಿ ಅನರ್ಹಗೊಂಡವರಲ್ಲಿ ಹಾವೇರಿ ಜಿಲ್ಲೆಯ ಹಿರೇಕೆರೂರು, ರಾಣೆಬೆನ್ನೂರು ಶಾಸಕರೂ ಇದ್ದರು.

ಸೋತ ಮೇಲೆ ‘ಅವರ ಮತ ಬರಲಿಲ್ಲ’ ಎಂದು ಇಬ್ಬರೂ ದೂರುತ್ತಾರೆ. ಊಹೆ ಬೇಕಿಲ್ಲ. ಮತಗಟ್ಟೆವಾರು ಫಲಿತಾಂಶದ ನಮೂನೆ 20 ಸಾರ್ವಜನಿಕವಾಗಿ ಸಿಗುತ್ತದೆ. ಹಿಂದಿನ ವಿಧಾನಸಭೆಯದ್ದನ್ನೂ ಈಗಿನ ಲೋಕಸಭೆಯದ್ದನ್ನೂ ಪಕ್ಕ ಪಕ್ಕ ಇಡಿ. ಮತಗಟ್ಟೆ ಸಂಖ್ಯೆ ಬದಲಾಗಿರಬಹುದು, ಊರು ಮತ್ತು ಶಾಲೆಯ ಹೆಸರು ಹಿಡಿದು ಹೊಂದಿಸಿ. ಮಿತ್ರಪಕ್ಷ ಗಟ್ಟಿಯಿದ್ದ ಮತಗಟ್ಟೆಗಳನ್ನು ಮೊದಲು ನೋಡಿ, ಅಲ್ಲಿ ನಮೂನೆ 10 ಯಾರ ಹೆಸರಿಗೆ ಹೋಗಿತ್ತು ಎಂಬುದನ್ನು ಪಕ್ಕದಲ್ಲಿ ಬರೆದುಕೊಳ್ಳಿ.