ಟೆಂಪೋದ ಆಕ್ಸಲ್ ಹಾಕಿದರೆ ಜೀಪಿನ ಶಾಫ್ಟ್ ಮುರಿಯುವುದು ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮಲ್ಲಿ ಫೋರ್ ವೀಲ್ ಡ್ರೈವ್ ಇರುವ ಹಳೆಯ ಜೀಪು ಇದೆ. ದೊಡ್ಡ ಟಯರ್ ಹಾಕಿಸಿದ ಮೇಲೆ ಒಂದೇ ಮಳೆಗಾಲದಲ್ಲಿ ಎರಡು ಸಲ ಹಿಂದಿನ ಆಕ್ಸಲ್ ಶಾಫ್ಟ್ ತುಂಡಾಯಿತು. ಗುಜರಿಯಿಂದ ಟೆಂಪೋದ ಆಕ್ಸಲ್ ತಂದು ಹಾಕಿದರೆ ಮತ್ತೆ ಮುರಿಯುವ ಮಾತೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಾಕಿಸಬಹುದೇ?

ಉತ್ತರ: ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ಈ ಪ್ರಶ್ನೆ ಬಾರದ ವರ್ಷವಿಲ್ಲ. ಒಮ್ಮೆ ಕಾರ್ಕಳದಿಂದ, ಒಮ್ಮೆ ಬೆಳ್ತಂಗಡಿಯಿಂದ, ಮತ್ತೊಮ್ಮೆ ಹೆಬ್ರಿಯಿಂದ ಬರುತ್ತದೆ. ಗಾಡಿ ಬೇರೆಯಾದರೂ ಕೇಳುವ ಮಾತು ಒಂದೇ. ಹಾಕಿಸಬೇಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಸುಮ್ಮನಾದಾಗಲೆಲ್ಲ ಅದೇ ಪ್ರಶ್ನೆ ಮರುವರ್ಷ ಮತ್ತೆ ಬಂದಿದೆ. ಆದ್ದರಿಂದ ಈ ಸಲ ಕಾರಣವನ್ನು ಬುಡದಿಂದಲೇ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಬೇಕು.

ಹೆಚ್ಚು ಭಾರ ಹೊರುವ ಆಕ್ಸಲ್ ಹೆಚ್ಚು ಗಟ್ಟಿ ಎಂಬ ನಂಬಿಕೆಯೇ ಈ ಗೊಂದಲದ ಮೂಲ. ಆಕ್ಸಲ್ ಎಂದು ನಾವು ಒಟ್ಟಾಗಿ ಕರೆಯುವ ವಸ್ತುವಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಗಾಡಿಯ ಭಾರವನ್ನು ಮುಖ್ಯವಾಗಿ ಹೊರುವುದು ಹೊರಗಿನ ಕವಚವಾದ ಹೌಸಿಂಗ್. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವುದು ಅದರೊಳಗಿನ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ ಮತ್ತು ಚಕ್ರಕ್ಕೊಂದರಂತೆ ಎರಡು ಶಾಫ್ಟುಗಳು. ಭಾರವು ಹೌಸಿಂಗನ್ನು ಬಗ್ಗಿಸಲು ನೋಡುತ್ತದೆ, ಟಾರ್ಕ್, ಅಂದರೆ ತಿರುಗಿಸುವ ಬಲ, ಶಾಫ್ಟನ್ನು ತಿರುಚಲು ನೋಡುತ್ತದೆ. ನಿಮ್ಮ ಜೀಪಿನಲ್ಲಿ ಎರಡು ಸಲವೂ ತುಂಡಾದದ್ದು ಶಾಫ್ಟ್. ಹೌಸಿಂಗ್ ಬಾಗಿದೆಯೆಂದು ನೀವು ಬರೆದಿಲ್ಲ. ಅಂದರೆ ಗಾಡಿಯಲ್ಲಿ ಸೋತದ್ದು ಒಂದು ಭಾಗ, ನೀವು ಬಲಪಡಿಸಲು ಹೊರಟಿರುವುದು ಇನ್ನೊಂದು ಭಾಗ.

ಕೊಲ್ಲೂರಿನಿಂದ ಕೊಡಚಾದ್ರಿಗೆ ಜನರನ್ನು ಒಯ್ಯುವ ಜೀಪುಗಳನ್ನು ನೋಡಿ. ಒಳಗೆ ತುಂಬ ಜನ, ದಾರಿಯುದ್ದಕ್ಕೂ ಗುಂಡಿ, ಕಲ್ಲು, ಕೆಸರು. ಭಾರದಿಂದಲೇ ಶಾಫ್ಟ್ ಮುರಿಯುವುದಾಗಿದ್ದರೆ ಆ ಜೀಪುಗಳು ದಿನಕ್ಕೊಂದರಂತೆ ದಾರಿಯಲ್ಲಿ ನಿಲ್ಲಬೇಕಿತ್ತು. ಅವು ಉಳಿಯುವುದಕ್ಕೆ ಕಾರಣ ಸಣ್ಣ ಟಯರ್, ಲೋ ಗೇರಿನ ನಿಧಾನದ ನಡೆ, ಮತ್ತು ಚಕ್ರವನ್ನು ಸುಮ್ಮನೆ ತಿರುಗಲು ಬಿಡದ ಚಾಲಕನ ಕಾಲು.

ಶಾಫ್ಟಿಗೆ ಎಷ್ಟು ಟಾರ್ಕ್ ಬೀಳುತ್ತದೆ ಎಂಬುದನ್ನು ಎಂಜಿನ್ ಒಂದೇ ತೀರ್ಮಾನಿಸುವುದಿಲ್ಲ. ಲೋ ರೇಂಜಿನ ಮೊದಲ ಗೇರಿನಲ್ಲಿ ಯಾವ ಎಂಜಿನ್ ಆದರೂ ಚಕ್ರವನ್ನು ಜಾರಿಸುವಷ್ಟು ಬಲ ಕೊಡುತ್ತದೆ. ಚಕ್ರ ಜಾರಿದೊಡನೆ ಶಾಫ್ಟಿನ ಮೇಲಿನ ಒತ್ತಡ ಇಳಿಯುತ್ತದೆ. ಆದ್ದರಿಂದ ಮಿತಿ ಇರುವುದು ಹಿಡಿತದಲ್ಲಿ, ಅಂದರೆ ಆ ಚಕ್ರದ ಮೇಲೆ ಕುಳಿತ ಭಾರ, ನೆಲದ ಒರಟುತನ ಮತ್ತು ಚಕ್ರದ ತ್ರಿಜ್ಯ, ಈ ಮೂರರ ಗುಣಲಬ್ಧದಲ್ಲಿ. ಲೆಕ್ಕ ಮಾಡಿಯೇ ನೋಡೋಣ. ಹಿಂದಿನ ಒಂದು ಚಕ್ರದ ಮೇಲೆ 500 ಕಿಲೋ ಭಾರವಿದೆ, 29 ಇಂಚಿನ ಟಯರಿನ ತ್ರಿಜ್ಯ 0.37 ಮೀಟರ್, ಒಣ ಮುರಕಲ್ಲಿನ ಮೇಲೆ ಘರ್ಷಣೆಯ ಗುಣಾಂಕ 0.8 ಎಂದಿಟ್ಟುಕೊಂಡರೆ, ಚಕ್ರ ಜಾರುವ ಮೊದಲು ಶಾಫ್ಟ್ ತಾಳಬೇಕಾದ ಟಾರ್ಕ್ ಸುಮಾರು 1,450 ನ್ಯೂಟನ್ ಮೀಟರ್. ಈಗ 33 ಇಂಚಿನ ಟಯರ್ ಹಾಕಿ, ಎರಡು ಹಿಂಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲನ್ನು ಲಾಕ್ ಮಾಡಿ, ಒಂದು ಹಿಂಚಕ್ರ ಗಾಳಿಯಲ್ಲಿ ತೂಗಿ ಇನ್ನೊಂದರ ಮೇಲೆ 1,000 ಕಿಲೋ ಬಿದ್ದಿದೆ ಎನ್ನಿ. ಅದೇ ನೆಲದಲ್ಲಿ ಆ ಒಂದೇ ಶಾಫ್ಟಿನ ಪಾಲಿಗೆ ಸುಮಾರು 3,300 ನ್ಯೂಟನ್ ಮೀಟರ್ ಬರುತ್ತದೆ. ಎಂಜಿನ್ ಬದಲಾಗಿಲ್ಲ, ಗಾಡಿಯ ತೂಕ ಬದಲಾಗಿಲ್ಲ, ಆದರೆ ಶಾಫ್ಟಿನ ಹೊರೆ ಎರಡೂಕಾಲು ಪಟ್ಟಾಯಿತು. ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದ ಮಾತು ಟೆಂಪೋದ್ದಲ್ಲ, ‘ದೊಡ್ಡ ಟಯರ್ ಹಾಕಿಸಿದ ಮೇಲೆ’ ಎಂಬುದು.

ಇದರ ಮೇಲೆ ನಮ್ಮ ಕರಾವಳಿಯ ನೆಲದ ಗುಣವೊಂದು ಸೇರುತ್ತದೆ. ಕೆಂಪು ಕೆಸರಿನಲ್ಲಿ ಚಕ್ರ ಗಿರ್ರನೆ ತಿರುಗುತ್ತಿರುತ್ತದೆ, ಶಾಫ್ಟಿನ ಮೇಲೆ ಒತ್ತಡವೇ ಇರುವುದಿಲ್ಲ. ಕೆಸರಿನಡಿಯಲ್ಲಿ ಅಡಗಿದ ಮುರಕಲ್ಲಿನ ಅಂಚಿಗೆ ಟಯರಿನ ಹಲ್ಲು ಸಿಕ್ಕಿದ ಕ್ಷಣ ಚಕ್ರ ನಿಲ್ಲುತ್ತದೆ. ಒಳಗೆ ಎಂಜಿನ್, ಫ್ಲೈವೀಲ್, ಗೇರುಗಳೆಲ್ಲ ಇನ್ನೂ ತಿರುಗುತ್ತಲೇ ಇರುತ್ತವೆ. ಆ ಹೊಡೆತಕ್ಕೆ ಮೇಲಿನ ಲೆಕ್ಕದ ಮಿತಿ ಅನ್ವಯಿಸುವುದಿಲ್ಲ. ನಾನು ಕಂಡ ಮುರಿದ ಶಾಫ್ಟುಗಳಲ್ಲಿ ಹೆಚ್ಚಿನವು ಹತ್ತುವಾಗ ಮುರಿದವಲ್ಲ, ಹೀಗೆ ಸಿಕ್ಕಿಕೊಂಡಾಗ ಮುರಿದವು.

ಲಾರಿಯದು ಫುಲ್ ಫ್ಲೋಟಿಂಗ್ ಆಕ್ಸಲ್, ಅದು ಮುರಿಯುವುದಿಲ್ಲ ಎಂಬುದು ಈ ನಂಬಿಕೆಯ ಇನ್ನೊಂದು ಮುಖ. ಲಾರಿಯ ಹಿಂಚಕ್ರದ ನಡುವೆ ಹೊರಚಾಚಿದ ಬೋಲ್ಟುಗಳ ವೃತ್ತ ಕಾಣುತ್ತದಲ್ಲ, ಅದೇ ಫುಲ್ ಫ್ಲೋಟಿಂಗಿನ ಗುರುತು. ಅಲ್ಲಿ ಚಕ್ರದ ಹಬ್ ಹೌಸಿಂಗಿನ ತುದಿಯ ಮೇಲೆ ತನ್ನದೇ ಬೇರಿಂಗುಗಳಲ್ಲಿ ಕುಳಿತಿರುತ್ತದೆ, ಶಾಫ್ಟ್ ಕೇವಲ ತಿರುಗಿಸುತ್ತದೆ. ಸೆಮಿ ಫ್ಲೋಟಿಂಗಿನಲ್ಲಿ ಶಾಫ್ಟೇ ಚಕ್ರದ ಭಾರವನ್ನೂ ಹೊರಬೇಕು, ಮುರಿದರೆ ಚಕ್ರವೇ ಕಳಚಿ ಹೋಗುವ ಅಪಾಯವುಂಟು. ಹೀಗಾಗಿ ಫುಲ್ ಫ್ಲೋಟಿಂಗ್ ನಿಶ್ಚಯವಾಗಿಯೂ ಸುರಕ್ಷಿತ. ಶಾಫ್ಟ್ ತುಂಡಾದರೂ ಚಕ್ರ ಸ್ಥಳದಲ್ಲಿರುತ್ತದೆ. ಆದರೆ ಸುರಕ್ಷಿತ ಎಂದರೆ ಮುರಿಯದು ಎಂದರ್ಥವಲ್ಲ. ಹಳೆಯ ಲ್ಯಾಂಡ್ ರೋವರ್ ಸೀರೀಸ್ ಗಾಡಿಗಳಲ್ಲಿ ಹೆಚ್ಚಿನವುಗಳ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗೇ ಆಗಿತ್ತು, ಆದರೂ ಅದರ 10 ಸ್ಪ್ಲೈನಿನ (ತುದಿಯಲ್ಲಿ ಉದ್ದುದ್ದಕ್ಕೆ ಕೊರೆದ ಹತ್ತು ಹಲ್ಲುಗಳ) ಶಾಫ್ಟ್ ಮುರಿಯುವುದಕ್ಕೆ ಜಗತ್ತಿನಾದ್ಯಂತ ಹೆಸರಾಗಿತ್ತು.

ಹೌಸಿಂಗಿನ ನಡುವಿನ ಉಬ್ಬು ದೊಡ್ಡದಿದ್ದರೆ ಗಟ್ಟಿ ಎನ್ನುವವರಿಗೂ ಒಂದು ಉದಾಹರಣೆ ಇದೆ. ಅಮೆರಿಕದ ಜೀಪ್ ಸಿಜೆ ಗಾಡಿಗಳಲ್ಲಿ 1976ರಿಂದ ಬಂದ ಎಎಂಸಿ 20 ಆಕ್ಸಲಿನ ಕ್ರೌನ್ ವೀಲ್ 8.875 ಇಂಚಿನದು, ಹೆಸರುವಾಸಿ ಡಾನಾ 44 ಆಕ್ಸಲಿನದು 8.5 ಇಂಚು. ದೊಡ್ಡ ಕ್ರೌನ್ ಇದ್ದೂ ಎಎಂಸಿ 20 ದುರ್ಬಲವೆಂಬ ಹೆಸರು ಪಡೆಯಿತು, ಏಕೆಂದರೆ ಅದರ ಶಾಫ್ಟ್ ಮತ್ತು ಹಬ್ ಒಂದೇ ತುಂಡಾಗಿರಲಿಲ್ಲ. ಹಬ್ಬನ್ನು ಶಾಫ್ಟಿನ ಮೊನಚು ತುದಿಗೆ ಏರಿಸಿ ಒಂದು ಸಣ್ಣ ಕೀ ಕೂರಿಸಿದ್ದರು. ಮಾಲೀಕರು ಒಂದೇ ತುಂಡಿನ ಶಾಫ್ಟ್ ಹಾಕಿಸಿಕೊಂಡ ಮೇಲೆ ಅದೇ ಆಕ್ಸಲ್ ಚೆನ್ನಾಗಿ ದುಡಿಯಿತು.

ಹಾಗಾದರೆ ಆರಿಸುವಾಗ ನೋಡಬೇಕಾದದ್ದು ಏನು? ಮೊದಲು ಶಾಫ್ಟಿನ ವ್ಯಾಸ. ದುಂಡನೆಯ ಸರಳು ತಿರುಚನ್ನು ತಾಳುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 30 ಮಿಲಿಮೀಟರ್ ಇದ್ದದ್ದು 33 ಆದರೆ ದಪ್ಪ ಹತ್ತು ಪ್ರತಿಶತ ಹೆಚ್ಚಿತು, ಶಕ್ತಿ ಮೂವತ್ತಮೂರು ಪ್ರತಿಶತ. ವರ್ನಿಯರ್ ಹಿಡಿದು ಶಾಫ್ಟಿನ ಅತಿ ಸಣ್ಣ ಜಾಗದಲ್ಲಿ ಅಳೆಯಿರಿ, ದಪ್ಪ ಜಾಗದಲ್ಲಲ್ಲ.

ಎರಡನೆಯದು ಉಕ್ಕು ಮತ್ತು ಅದಕ್ಕೆ ಕೊಟ್ಟ ಕಾವು. ನನ್ನ ಮೇಜಿನ ಮೇಲೆ ಒಂದು ತುಂಡು ಶಾಫ್ಟ್ ಇದೆ. ಬಹಳ ವರ್ಷಗಳ ಹಿಂದೆ ನನ್ನದೇ ಗಾಡಿಗೆ ಒಂದು ಲೇತ್ ಅಂಗಡಿಯಲ್ಲಿ ಇಎನ್ 8 ಎಂಬ ಸಾಧಾರಣ ಇಂಗಾಲದ ಉಕ್ಕಿನ ಸರಳಿನಿಂದ ಮಾಡಿಸಿದ್ದು. ಅಳತೆ ಕೂದಲೆಳೆಯೂ ತಪ್ಪಿರಲಿಲ್ಲ, ಆದರೆ ಕಾಸಿ ಹದ ಕೊಟ್ಟಿರಲಿಲ್ಲ. ನೇರವಾಗಿರಬೇಕಾದ ಸ್ಪ್ಲೈನಿನ ಗೆರೆಗಳು ಹುರಿಹಗ್ಗದ ಎಳೆಗಳಂತೆ ಓರೆಯಾಗಿ ಸುತ್ತಿಕೊಂಡಿವೆ, ಮತ್ತು ತುಂಡಾದದ್ದು ಸರಿಯಾಗಿ ಸ್ಪ್ಲೈನ್ ಮುಗಿಯುವಲ್ಲಿ, ಕತ್ತರಿಸಿದ ಉಪಕರಣ ಚೂಪಾದ ಮೂಲೆ ಬಿಟ್ಟ ಜಾಗದಲ್ಲಿ. ಮಾಡಿಸಲೇಬೇಕಾದರೆ ಇಎನ್ 24 ಎಂಬ ಮಿಶ್ರಲೋಹದ ಉಕ್ಕಿನ ಸರಳು ಕೇಳಿ, ಹೀಟ್ ಟ್ರೀಟ್‌ಮೆಂಟ್ ಆದದ್ದಕ್ಕೆ ಗಡಸುತನದ ವರದಿ ಕೇಳಿ, ಮೂಲೆಗಳನ್ನು ದುಂಡಗೆ ಮಾಡಿಸಿ. ಮುರಿದ ಶಾಫ್ಟನ್ನು ವೆಲ್ಡ್ ಮಾಡಿಸಿ ಹಾಕುವುದನ್ನು ಮಾತ್ರ ಎಂದಿಗೂ ಮಾಡಬೇಡಿ. ಹೊಸ ಶಾಫ್ಟ್ ಕೂರಿಸುವ ಮೊದಲು ಅದರ ಉದ್ದಕ್ಕೂ ಬಿಳಿ ಬಣ್ಣದ ಒಂದು ನೇರ ಗೆರೆ ಎಳೆದಿಡಿ. ವರ್ಷಕ್ಕೊಮ್ಮೆ ಹೊರತೆಗೆದು ನೋಡಿದಾಗ ಗೆರೆ ಓರೆಯಾಗಿದ್ದರೆ, ಆ ಶಾಫ್ಟಿನ ಆಯುಸ್ಸು ಮುಗಿದಿದೆ.

ಮೂರನೆಯದನ್ನು ಟೆಂಪೋದ ಆಕ್ಸಲ್ ತರುವವರು ಮರೆತೇಬಿಡುತ್ತಾರೆ. ಕ್ರೌನ್ ಪಿನಿಯನ್ನಿನ ಅನುಪಾತ ಹಿಂದೆ ಮುಂದೆ ಒಂದೇ ಆಗಿರಬೇಕು. ಮುಂದಿನ ಆಕ್ಸಲಿನಲ್ಲಿ 41ಕ್ಕೆ 9 ಹಲ್ಲು, ಅಂದರೆ 4.56, ಹಿಂದೆ 37ಕ್ಕೆ 9, ಅಂದರೆ 4.11 ಇದ್ದರೆ, ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರ 100 ಮೀಟರ್ ಉರುಳುವ ಹೊತ್ತಿಗೆ ಹಿಂದಿನದು 111 ಮೀಟರ್ ಉರುಳಲು ಹವಣಿಸುತ್ತದೆ. ಗಟ್ಟಿ ನೆಲದಲ್ಲಿ ಆ ಜಗ್ಗಾಟವನ್ನು ಮುಂದಿನ ಹಿಂದಿನ ಆಕ್ಸಲುಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ತಿನ್ನಬೇಕು. ಜೊತೆಗೆ ಟೆಂಪೋದ ಹೌಸಿಂಗಿನ ಉಬ್ಬು ದೊಡ್ಡದಾದಷ್ಟೂ ನೆಲಕ್ಕೆ ಹತ್ತಿರವಾಗಿ, ಟಯರಿನಿಂದ ಗಳಿಸಿದ ಎತ್ತರ ಅಲ್ಲಿ ಕಳೆದುಹೋಗುತ್ತದೆ. ಅಗಲ, ಪಟ್ಟಾ ಸ್ಪ್ರಿಂಗಿನ ಸೀಟು, ಬ್ರೇಕು, ಚಕ್ರದ ಬೋಲ್ಟುಗಳ ಅಂತರ ಹೊಂದಬೇಕಾದದ್ದು ಎಲ್ಲರಿಗೂ ಗೊತ್ತಿರುವಂಥದ್ದೇ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ ಎಂಬುದೂ ಗಮನದಲ್ಲಿರಲಿ.

ನಿಮ್ಮ ಗಾಡಿಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕಂಪನಿಯ ಅಳತೆಯ ಟಯರಿಗೆ ಮರಳಿ, ಕಂಪನಿಯ ಶಾಫ್ಟನ್ನೇ ಹಾಕಿಸಿ. ದೊಡ್ಡ ಟಯರ್ ಬೇಕೇಬೇಕೆಂದಾದರೆ ಅದೇ ಹೌಸಿಂಗಿಗೆ ಮಿಶ್ರಲೋಹದ ಶಾಫ್ಟುಗಳನ್ನು ಜೋಡಿಯಾಗಿಯೇ ಹಾಕಿಸಿ. ಒಂದು ಕಡೆ ಮಾತ್ರ ಬದಲಿಸುವುದು ಇನ್ನೊಂದು ಕಡೆಯದನ್ನು ಮುರಿಯಲು ಬಿಟ್ಟಂತೆ.

ಇಲ್ಲಿ ನೀವು ಕೇಳದ ಒಂದು ಮಾತನ್ನೂ ಹೇಳಬೇಕಾಗಿದೆ. ಶಾಫ್ಟಿನ ಬಗ್ಗೆ ಇಷ್ಟು ಚಿಂತಿಸುವವರಲ್ಲಿ ಹೌಸಿಂಗಿನ ಮೇಲಿರುವ, ಒಳಗಿನ ಗಾಳಿ ಆಡಲೆಂದು ಇಟ್ಟ ಸಣ್ಣ ಕಿಂಡಿಯಾದ ಬ್ರೀದರನ್ನು ನೋಡಿದವರು ಬಹಳ ಕಡಿಮೆ. ಗುಡ್ಡೆ ಹತ್ತಿ ಕಾದ ಆಕ್ಸಲ್ ನೇರವಾಗಿ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕೆಸರಿನಿಂದ ಬ್ರೀದರ್ ಕಟ್ಟಿಕೊಂಡಿದ್ದರೆ ಆ ಕೊರತೆಯನ್ನು ತುಂಬಲು ಆಯಿಲ್ ಸೀಲಿನ ತುಟಿಯಿಂದಲೇ ನೀರು ಒಳಸೇರುತ್ತದೆ. ಬ್ರೀದರಿಗೆ ಉದ್ದನೆಯ ರಬ್ಬರ್ ಪೈಪು ಜೋಡಿಸಿ ಟೈಲ್ ಲ್ಯಾಂಪಿನ ಎತ್ತರಕ್ಕೆ ಒಯ್ದು ಕಟ್ಟುವುದಕ್ಕೆ ಅರ್ಧ ಗಂಟೆಯೂ ಬೇಡ. ನೀರು ಸೇರಿದ ಗೇರ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗು ಮತ್ತು ಕ್ರೌನಿನ ಹಲ್ಲು ತುಕ್ಕು ಹಿಡಿದು ಸವೆಯುತ್ತವೆ. ತೋಡು ದಾಟಿ ಬಂದ ರಾತ್ರಿ ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ. ನೀರು ಆಯಿಲಿಗಿಂತ ಭಾರವಾದ್ದರಿಂದ ಬೆಳಗಾಗುವಾಗ ತಳದಲ್ಲಿ ಕುಳಿತಿರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಕೆಳಗಿನ ಡ್ರೈನ್ ಪ್ಲಗ್ಗನ್ನು ನಿಧಾನವಾಗಿ ಸಡಿಲಿಸಿ, ಮೊದಲು ಜಿನುಗುವುದು ನೀರೋ ಆಯಿಲೋ ಎಂದು ಬೆರಳಿಗೆ ಹಚ್ಚಿಕೊಂಡು ನೋಡಿ. ನೀರಾಗಿದ್ದರೆ ಅಂದೇ ಪೂರ್ತಿ ಆಯಿಲ್ ಬದಲಿಸಿ.