ಬ್ರಿಟಿಷರ ಕಾಲದಲ್ಲೇ ಭಾರತೀಯರೊಬ್ಬರು ಬಿಷಪ್ ಆದದ್ದು ಹೇಗೆ?

ಓದುಗರ ಪ್ರಶ್ನೆ: ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ವಿ. ಎಸ್. ಅಜರ್ಯ ಎಂಬವರು 1912ರಲ್ಲೇ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಬಿಷಪ್, ಅಂದರೆ ಒಂದು ಸೀಮೆಯ ಚರ್ಚುಗಳಿಗೆಲ್ಲ ಹಿರಿಯ ಧರ್ಮಾಧಿಕಾರಿ, ಆದರು ಎಂದು ಓದಿದೆ. ದೊಡ್ಡ ಹುದ್ದೆಗಳೆಲ್ಲ ಬಿಳಿಯರ ಕೈಯಲ್ಲಿದ್ದ ಆ ಕಾಲದಲ್ಲಿ ಇದು ಸಾಧ್ಯವಾದದ್ದು ಹೇಗೆ?

ಉತ್ತರ: ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟ ಪದವಿ ಎಂದುಕೊಂಡರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಅಜರ್ಯ ಅಷ್ಟು ಹೊತ್ತಿಗಾಗಲೇ ಬಿಷಪ್ಪರ ಕೆಲಸದಲ್ಲಿ ಮುಕ್ಕಾಲು ಪಾಲನ್ನು ಮಾಡಿ ತೋರಿಸಿದ್ದರು.

ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ನಾಡಾರ್ ಕುಟುಂಬ, ತಂದೆ ಹಳ್ಳಿಯ ಪಾದ್ರಿ. (ನಮ್ಮ ಕನ್ನಡ ಬೈಬಲ್ಲಿನಲ್ಲಿ ದಾನಿಯೇಲನ ಗೆಳೆಯನ ಹೆಸರು ಅಜರ್ಯ ಎಂದಿದೆ. ಇಲ್ಲಿ ಅದನ್ನೇ ಬಳಸಿದ್ದೇನೆ.) ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರೂ ಡಿಗ್ರಿ ಕೈಗೆ ಬರಲಿಲ್ಲ. 1895ರಿಂದ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದ ಕಾರ್ಯದರ್ಶಿಯಾಗಿ ದಕ್ಷಿಣ ಭಾರತವನ್ನೆಲ್ಲ ಸುತ್ತಿದರು.

ತಿರುವು ಸಿಕ್ಕಿದ್ದು 1902ರಲ್ಲಿ, ಶ್ರೀಲಂಕಾದ ಜಾಫ್ನಾಕ್ಕೆ ಹೋದಾಗ. ಅಲ್ಲಿನ ತಮಿಳು ಕ್ರೈಸ್ತರು ತಮ್ಮದೇ ದುಡ್ಡಿನಲ್ಲಿ ತಮ್ಮವರನ್ನೇ ಸೇವೆಗೆ ಕಳಿಸುತ್ತಿದ್ದರು. ನಾವೇಕೆ ಪರದೇಶದ ಹಣ ಕಾಯುತ್ತಾ ಕೂತಿದ್ದೇವೆ ಎಂದು ಅಜರ್ಯರಿಗೆ ಅನ್ನಿಸಿರಬೇಕು. ಮರುವರ್ಷವೇ ತಿರುನೆಲ್ವೇಲಿಯಲ್ಲಿ ಇಂಡಿಯನ್ ಮಿಷನರಿ ಸೊಸೈಟಿ ಶುರುವಾಯಿತು. ದುಡ್ಡು ಊರಿನದು, ಜನ ಊರಿನವರು, ಆಡಳಿತವೂ ಅವರದೇ. ಈ ಸೊಸೈಟಿ ಕೆಲಸಕ್ಕೆ ಆರಿಸಿಕೊಂಡದ್ದು ನಿಜಾಮರ ಹೈದರಾಬಾದ್ ಸಂಸ್ಥಾನದ ತೆಲುಗು ಸೀಮೆಯ ಡೋರ್ನಕಲ್. 1909ರಲ್ಲಿ ದೀಕ್ಷೆ ಪಡೆದು ಪಾದ್ರಿಯಾದ ಅಜರ್ಯ ಸಂಸಾರ ಸಮೇತ ಅಲ್ಲಿಗೇ ಹೋದರು. ತಮಿಳರಾದ ಅವರಿಗೆ ಭಾಷೆಯೂ ಹೊಸದು, ಜನವೂ ಹೊಸಬರು.

ಬೆನ್ನಿಗೆ ನಿಂತವರು ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ತತ್ತ್ವಜ್ಞಾನಿ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್ ಅವರ ಅಣ್ಣ ಇವರು. ಭಾರತೀಯರ ಕೈಗೆ ಅಧಿಕಾರ ಕೊಡದೆ ಕ್ರೈಸ್ತ ಸಭೆ ಇಲ್ಲಿ ಬೇರೂರುವುದಿಲ್ಲ ಎಂಬುದು ಅವರ ನಿಲುವು. ಆದರೆ ಬಿಳಿಯ ಮಿಷನರಿಗಳಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ.

ಇದರ ನಡುವೆಯೇ 1910ರ ಎಡಿನ್‌ಬರೋ ವಿಶ್ವ ಮಿಷನರಿ ಸಮ್ಮೇಳನ ನಡೆಯಿತು. ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಅಲ್ಲಿ ಎದ್ದು ನಿಂತ ಅಜರ್ಯ, ಮಿಷನರಿಗಳು ತಮ್ಮ ಭಾರತೀಯ ಜೊತೆಗಾರರನ್ನು ಸರಿಸಮವಾಗಿ ಕಾಣುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿದರು. ಮುಗಿಸುವಾಗ ಬೈಬಲ್ಲಿನಲ್ಲಿರುವ ಪೌಲನ ಪತ್ರದ ಪ್ರೀತಿಯ ಅಧ್ಯಾಯವನ್ನೇ ಅವರ ಕಡೆಗೆ ತಿರುಗಿಸಿದರು. ನೀವು ಬಡವರಿಗೆ ನಿಮ್ಮ ಆಸ್ತಿ ಕೊಟ್ಟಿದ್ದೀರಿ, ಸುಡಲು ದೇಹವನ್ನೂ ಕೊಟ್ಟಿದ್ದೀರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಎಂಬರ್ಥದ ಮಾತು ಅದು. ಪ್ರೀತಿಯಿಲ್ಲದಿದ್ದರೆ ಆ ದಾನವೂ ತ್ಯಾಗವೂ ವ್ಯರ್ಥ ಎನ್ನುವುದು ಆ ಅಧ್ಯಾಯ ಬಲ್ಲವರಿಗೆಲ್ಲ ಗೊತ್ತು. ಸಮ್ಮೇಳನದಲ್ಲಿ ಕೂತಿದ್ದವರೆಲ್ಲ ಅದನ್ನು ಬಲ್ಲವರೇ. ಹಲವರಿಗೆ ಇರಿಸುಮುರಿಸಾಯಿತು.

1912ರ ಡಿಸೆಂಬರ್ 29ರಂದು ಕಲ್ಕತ್ತಾದ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅವರಿಗೆ ಬಿಷಪ್ ಅಭಿಷೇಕವಾಯಿತು. ಆಗ ವಯಸ್ಸು 38. ಕೊಟ್ಟ ಪ್ರಾಂತ್ಯ, ಅಂದರೆ ಅವರ ಅಧಿಕಾರಕ್ಕೆ ಒಳಪಟ್ಟ ಚರ್ಚುಗಳ ಸೀಮೆ, ಚಿಕ್ಕದು, ಅದೂ ನಿಜಾಮರ ಸಂಸ್ಥಾನದೊಳಗೆ. ಇಂಗ್ಲಿಷ್ ಅಧಿಕಾರಿಗಳೂ ದಂಡಿನವರೂ ಕೂರುವ ದೊಡ್ಡ ಊರಿನ ಚರ್ಚುಗಳ ಮೇಲೆ ಭಾರತೀಯನೊಬ್ಬ ಅಧಿಕಾರ ನಡೆಸುವ ಪ್ರಶ್ನೆ ಅಲ್ಲಿ ಅಷ್ಟಾಗಿ ಏಳುತ್ತಿರಲಿಲ್ಲ. ಮೇಲಿನವರು ಒಪ್ಪುವುದಕ್ಕೆ ಇದೂ ಅನುಕೂಲವಾಯಿತು ಎನ್ನುವುದು ನನ್ನ ಅನಿಸಿಕೆ. ಮುಂದೆ ಕೃಷ್ಣಾ ಜಿಲ್ಲೆಯ ಭಾಗಗಳೂ ಸೇರಿ ಪ್ರಾಂತ್ಯ ಬೆಳೆದಾಗ ಬಿಳಿಯ ಮಿಷನರಿಗಳೂ ಅವರ ಕೈಕೆಳಗೆ ಬಂದರು. ಅಲ್ಲಿ ಸಭೆಗೆ ಸೇರಿದವರಲ್ಲಿ ಬಹುಪಾಲು ಮಾಲ, ಮಾದಿಗ ಸಮುದಾಯದ ಬಡ ಕೂಲಿಕಾರರು. ಮತಾಂತರದ ವಿಷಯದಲ್ಲಿ ಗಾಂಧೀಜಿಯವರ ಜೊತೆ ಅಜರ್ಯರಿಗೆ ಭಿನ್ನಾಭಿಪ್ರಾಯ ಬಂದದ್ದೂ ಇಲ್ಲಿಂದಲೇ. ಹಾಗೆಂದು ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ (ಕ್ರೈಸ್ತರಷ್ಟೇ ಮತ ಹಾಕಿ ತಮ್ಮವರನ್ನು ಆರಿಸುವ ಏರ್ಪಾಡು) ಬೇಕು ಎಂದು ಅವರು ಕೇಳಲಿಲ್ಲ. ಅದನ್ನು ವಿರೋಧಿಸಿದರು.

1939ರಲ್ಲಿ ಪ್ರತಿಷ್ಠೆಯಾದ ಡೋರ್ನಕಲ್ ಕೆಥೆಡ್ರಲ್ ನೋಡಿದರೆ ಅವರ ತಲೆಯಲ್ಲಿ ಏನಿತ್ತು ಎಂದು ತಿಳಿಯುತ್ತದೆ. ಮೇಲೆ ಮಸೀದಿಯಂತೆ ಗುಮ್ಮಟ, ಮಿನಾರು. ಒಳಗೆ ದೇವಸ್ಥಾನದ ಮಂಟಪ ನೆನಪಿಸುವ ಕಂಬಗಳು. ಇಂಗ್ಲೆಂಡಿನ ಹಳ್ಳಿಚರ್ಚಿನ ಚೂಪು ಗೋಪುರ ಅಲ್ಲಿಲ್ಲ.

ನಿಮ್ಮ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಒಬ್ಬರು ಬಿಷಪ್ ಆದರು, ಸರಿ. ಎರಡನೆಯವರು ಎಲ್ಲಿ? 1945ರ ಜನವರಿ 1ರಂದು ಡೋರ್ನಕಲ್‌ನಲ್ಲಿ ತೀರಿಕೊಳ್ಳುವವರೆಗೆ, ಅಂದರೆ 32 ವರ್ಷ, ಪೂರ್ಣ ಪ್ರಾಂತ್ಯದ ಹೊಣೆ ಹೊತ್ತ ಭಾರತೀಯ ಆಂಗ್ಲಿಕನ್ ಬಿಷಪ್ ಅವರೊಬ್ಬರೇ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಅವರೂ ಸೇರಿ ಚಾಲನೆ ಕೊಟ್ಟ, ಬೇರೆ ಬೇರೆ ಕ್ರೈಸ್ತ ಸಭೆಗಳ ಐಕ್ಯತೆಯ ಮಾತುಕತೆ ಮುಗಿದು ಸಿ.ಎಸ್.ಐ. ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. ಇವತ್ತು ಬೆಂಗಳೂರು, ಧಾರವಾಡ, ಮಂಗಳೂರಿನ ಸಿ.ಎಸ್.ಐ. ಚರ್ಚುಗಳ ಬೋರ್ಡಿನ ಮೇಲೆ ಕಾಣುವ ಮೂರಕ್ಷರ ಅದೇ. ಆ ದಿನವನ್ನು ನೋಡಲು ಅಜರ್ಯ ಇರಲಿಲ್ಲ.